ಕಬ್ಬಿಣ ಬಿಟ್ಟು ಹುಡುಕಿದ ಯಂತ್ರ

ಹೋದ ತಿಂಗಳು ಹಳಿಯಾಳದಲ್ಲಿ ನೇಮಕಾತಿ ಪರೀಕ್ಷೆಯೊಂದಕ್ಕೆ ನನ್ನನ್ನು ಮೇಲ್ವಿಚಾರಕಿಯಾಗಿ ಹಾಕಿದ್ದರು. ಗೇಟಿನಲ್ಲಿ ಹೋಮ್‌ಗಾರ್ಡ್ ಹೆಣ್ಣುಮಗಳೊಬ್ಬಳು ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರನ್ನು ಎಲ್ಲರ ಮೈಮೇಲೆ ಆಡಿಸಿ ಒಳಗೆ ಬಿಡುತ್ತಿದ್ದಳು. ನನ್ನ ತುರುಬಿನ ಹತ್ತಿರ ಬಂದಾಗ ಅದು ಕುಂಯ್ ಎಂದಿತು. ಪಿನ್ನು ಇತ್ತು. ಅಕ್ಕೋರ ತಲೆಯಲ್ಲಿ ಏನೋ ಇದೆ ಎಂದು ಆಕೆ ನಕ್ಕಳು, ಸಾಲಿನಲ್ಲಿದ್ದ ಹುಡುಗಿಯರೂ ನಕ್ಕರು. ನಾನೂ ನಗಬೇಕಿತ್ತು. ಇಷ್ಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಇಂಥ ಮಾತಿಗೆ ಎರಡು ಸೇರಿಸಿ ತಿರುಗಿಸಿ ಕೊಡುವ ಬಾಯಿ ನನ್ನದು. ಆದರೆ ಅಂದು ಪಿನ್ನು ತೆಗೆದು ತೋರಿಸಿ ಒಳಗೆ ನಡೆದೆ. ಉತ್ತರ ಪತ್ರಿಕೆಗಳಿಗೆ ಸಹಿ ಹಾಕುವಾಗ ಎರಡು ಕಡೆ ತಪ್ಪು ಜಾಗದಲ್ಲಿ ಮಾಡಿ ಬೈಸಿಕೊಂಡೆ.

ಆ ಕುಂಯ್ ಸದ್ದು ಎದುರುಮನೆಯ ಕಾಕಾನನ್ನು ಎದುರಿಗೆ ತಂದು ನಿಲ್ಲಿಸಿತ್ತು. ಅದು ಒಮ್ಮೆ ಕೇಳಲೇಬೇಕಾದ ಜಾಗದಲ್ಲಿ ಕೇಳಿರಲಿಲ್ಲ. ಕೇಳದ ಹಾಗೆ ಮಾಡಿದವಳು ನಾನೇ.

ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಮನೆಗೆ ಎದುರಾಗಿ ಅವರ ಮನೆ. ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೂತಲ್ಲಿ ಕೂರುವ ಜೀವವಲ್ಲ. ಕೆಲಸ ಮುಗಿದ ಮೇಲೂ ಕೈಯಲ್ಲಿ ಪಾನಾ ಹಿಡಿದು ಓಣಿಯ ನಲ್ಲಿಗಳನ್ನೆಲ್ಲ ಬಿಗಿ ಮಾಡುತ್ತ ತಿರುಗುತ್ತಿದ್ದರು. ಸೋರದ ನಲ್ಲಿಯನ್ನೂ ಬಿಡುತ್ತಿರಲಿಲ್ಲ. ನಾನೂ ಅದೇ ಜಾತಿಯವಳು. ನಮ್ಮವ್ವ ಬದುಕಿದ್ದರೆ ಇಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟಬೇಕು ಅನ್ನುತ್ತಿದ್ದಳು. ಕಾಕಾನ ಹೆಂಡತಿ, ಕಾಕು, ಇದಕ್ಕೆ ತದ್ವಿರುದ್ಧ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಗಂಡ ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದರು. ಮಾತು ಕಡಿಮೆ. ಅವರ ಒಬ್ಬಳೇ ಮಗಳನ್ನು ಮುಂಡಗೋಡಕ್ಕೆ ಕೊಟ್ಟಿತ್ತು.

ಜೊಯಿಡಾ ಕಡೆಯ ಕಾಕಾನ ಊರು ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಅವರು ಹರೆಯದಲ್ಲಿದ್ದಾಗಲೇ ಬಾಗಿಲು, ತೊಲೆ, ಹಂಚು ಎಲ್ಲ ಕಿತ್ತು ಲಾರಿಗೆ ಹೇರಿಕೊಂಡು ಬಂದಿದ್ದರಂತೆ. ಬೇಸಿಗೆ ಶುರುವಾದರೆ ಸಾಕು, ಬೆಳಿಗ್ಗೆ ನಮ್ಮ ಮನೆಗೆ ಬಂದು ನಿಂತೇ ಪೇಪರ್ ತಿರುವಿ ಜಲಾಶಯದ ಮಟ್ಟ ನೋಡುತ್ತಿದ್ದರು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ.

ಅವರು ಏನನ್ನು ಕಾಯುತ್ತಿದ್ದರು ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಓದುವವರಿಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಥೆ ಹೇಳುವ ಹಕ್ಕು ನನಗಿಲ್ಲ. ಅವರ ಮೊದಲ ಕೂಸು, ಹೆಣ್ಣು, ಐದು ತಿಂಗಳಿಗೇ ಜ್ವರದಲ್ಲಿ ತೀರಿಕೊಂಡಿತ್ತು. ಹಲ್ಲು ಬಾರದ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಅವರ ಮನೆತನದಲ್ಲಿ ಮನೆಯ ಹಿತ್ತಲಲ್ಲೇ ಹೂಳುವುದು. ಗಾಳಿ ಸೋಕದಿರಲೆಂದು ಊರ ಕಮ್ಮಾರನಿಂದ ಕಬ್ಬಿಣದ ಕಡಗ ಮಾಡಿಸಿ ಕಾಲಿಗೆ ಹಾಕುವುದು. ಆಮೇಲೆ ಆ ಕೂಸಿನ ಬಗ್ಗೆ ಹೊರಗಿನವರ ಮುಂದೆ ಬಾಯಿ ಬಿಡಬಾರದು. ಅದಾದ ಮರುವರ್ಷವೇ ನೀರು ಬಂತು. ಅಂದಿನಿಂದ ಪ್ರತಿ ಮಳೆಗಾಲ ಅಣೆಕಟ್ಟು ತುಂಬುವಾಗ ಕಾಕು ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು, ನೀರು ಎಷ್ಟು ಏರಿತು ಎಂದು ದಿನಾ ಕೇಳುತ್ತಿದ್ದರು. ಕೂಸು ಥಂಡಿಯಲ್ಲಿ ಮಲಗಿದೆ ಎಂಬುದೊಂದೇ ಅವರ ಸಂಕಟ. ಆ ಕಡಗವನ್ನು ಹುಡುಕಿ, ಅದರ ಸುತ್ತಲಿನ ಒಂದು ಹಿಡಿ ಮಣ್ಣಿನ ಜೊತೆ ತಂದು, ಒಣನೆಲದಲ್ಲಿ ಹೂಳಬೇಕು. ಕಾಕಾನಿಗೆ ಬೇಕಿದ್ದದ್ದು ಅಷ್ಟೇ.

ಸುಮಾರು ವರ್ಷಗಳ ಹಿಂದೆ, ಸತತ ಎರಡು ವರ್ಷ ಮಳೆ ಕೈಕೊಟ್ಟು ಹಿನ್ನೀರು ಯಾವತ್ತೂ ಇಲ್ಲದಷ್ಟು ಇಳಿಯಿತು. ಹಳೆಯ ಮನೆಗಳ ಬುನಾದಿ, ಬಾವಿಕಟ್ಟೆ ಎಲ್ಲ ಎದ್ದು ಕಾಣುತ್ತಿವೆ ಎಂದು ಪೇಪರಿನಲ್ಲಿ ಫೋಟೋ ಬಂತು. ಅದೇ ದಿನ ಕಾಕಾ ಹೆಗಲ ಟವೆಲ್ ಎಳೆದುಕೊಳ್ಳುತ್ತ ಬಂದು, ನೆಲದೊಳಗಿನ ಲೋಹ ಹುಡುಕುವ ಮಶಿನ್ನುಗಳು ಸಿಗುತ್ತವಂತಲ್ಲ, ಯಾವುದು ಒಳ್ಳೆಯದು ಎಂದು ಕೇಳಿದರು. ಏನು ಹುಡುಕುವುದು ಎಂದೆ. ಮನೆಯ ಸಾಮಾನು ಎಂದರು. ಹಳೇ ಊರಲ್ಲಿ ಅವರು ಬಂಗಾರದ ಗಿಂಡಿ ಬಿಟ್ಟು ಬಂದಿದ್ದಾರೆ ಎಂದು ಓಣಿಯಲ್ಲಿ ಮೊದಲಿಂದಲೂ ಗುಸುಗುಸು ಇತ್ತು. ನಾನು ಅದನ್ನು ನಂಬಿದೆ. ಸುಳ್ಳೇಕೆ ಹೇಳಲಿ, ನನಗೆ ಹುಚ್ಚು ಹುಮ್ಮಸ್ಸು ಬಂತು.

ಒಂದು ವಾರ ನಾನು ಬೇರೆ ಕೆಲಸ ಮಾಡಲಿಲ್ಲ. ಪರದೇಶದಲ್ಲಿ ಹಳೆಯ ಯುದ್ಧಭೂಮಿಗಳಲ್ಲಿ, ಹಾಳುಬಿದ್ದ ಹೊಲಗಳಲ್ಲಿ ನಾಣ್ಯ, ಗುಂಡಿ, ಕತ್ತಿಯ ಹಿಡಿ ಹುಡುಕುವವರ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ್ದೇ ನೋಡಿದ್ದು. ಕೋಲಿನ ತುದಿಯ ತಟ್ಟೆ ದೊಡ್ಡದಿದ್ದರೆ ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ವಸ್ತು ತಪ್ಪುತ್ತದೆ; ತಟ್ಟೆಗೆ ನೀರು ತಾಗಿದರೂ ನಡೆಯಬೇಕು; ನೆಲದ ಗುಣಕ್ಕೆ ಹೊಂದಿಸಿಕೊಳ್ಳಲು ಬರಬೇಕು... ಇವನ್ನೆಲ್ಲ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ಕಾಕಾನಿಗೆ ಪಾಠ ಮಾಡಿದೆ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಕೊನೆಗೆ ಉಳಿದವು ಎರಡು. ಒಂದು, ಹಳಿಯಾಳದ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿದ್ದದ್ದು, ಗುಜರಿಯವರು ಬಳಸುವಂಥದು. ಒಂದೇ ತಿರುಗುಣಿ, ಯಾವ ಲೋಹ ಸಿಕ್ಕರೂ ಕೂಗುತ್ತದೆ. ಇನ್ನೊಂದು ಮೊಬೈಲಿನಲ್ಲಿ ತರಿಸಬೇಕಾದದ್ದು. ಪುಟ್ಟ ಪರದೆಯಲ್ಲಿ ಬಂಗಾರ, ಬೆಳ್ಳಿ, ತಾಮ್ರ ಬೇರೆ ಬೇರೆ ತೋರಿಸುತ್ತದೆ. ಕಬ್ಬಿಣ ಬಿಡು ಎಂದರೆ ಕಬ್ಬಿಣದ ಮೇಲೆ ಸುಮ್ಮನಿರುತ್ತದೆ.

ಹಳಿಯಾಳದ ಅಂಗಡಿಗೆ ಇಬ್ಬರೂ ಹೋದೆವು. ಕಾಕಾ ಗುಜರಿಯವರ ಯಂತ್ರವನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದರು. ಜೀವಮಾನವೆಲ್ಲ ಯಂತ್ರಗಳ ನಡುವೆ ಇದ್ದ ಕೈ, ಅದಕ್ಕೆ ಈ ಸರಳ ಕೋಲು ಹಿಡಿಸಿದ್ದು ಕಾಣುತ್ತಿತ್ತು. ಇದು ಕಬ್ಬಿಣ ಹಿಡಿಯುತ್ತದೆಯೇ ಎಂದು ಅಂಗಡಿಯವರನ್ನು ಕೇಳಿದರು. ಅವರು ಹೌದೆನ್ನುವಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿದೆ.

"ಕಬ್ಬಿಣ ಯಾರಿಗೆ ಬೇಕ್ರಿ ಕಾಕಾ? ಜೊಯಿಡಾದ ಕೆಂಪು ನೆಲಾನ ಕಬ್ಬಿಣ ಐತಿ. ಹೆಜ್ಜಿಗೊಮ್ಮೆ ಕೂಗತೈತಿ, ಸಂಜಿತನಕಾ ಬರೇ ಮಣ್ಣ ಅಗೀತೀರಿ."

ಇದು ಬೀದಿನಾಯಿಯ ಹಾಗೆ, ಅಂಚೆಯವನಿಗೂ ಕಳ್ಳನಿಗೂ ಒಂದೇ ಬೊಗಳು ಎಂದು ಸೇರಿಸಿದೆ. ಅಂಗಡಿಯವರು ನಕ್ಕರು. ಕಾಕಾ ಯಂತ್ರವನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು ಟವೆಲ್ ಸರಿಮಾಡಿಕೊಂಡರು. ಕಬ್ಬಿಣವೇ ಬೇಕು ಎನ್ನಲು ಅವರು ಕೂಸಿನ ಮಾತೆತ್ತಬೇಕಿತ್ತು. ಅದನ್ನು ಅವರು ಆವರೆಗೆ ಹೊರಗಿನವರ ಮುಂದೆ ಎತ್ತಿದವರಲ್ಲ. ಮೇಲಾಗಿ ಓದಿದವರು ಹೇಳಿದ ಮೇಲೆ ಮುಗಿಯಿತು ಎನ್ನುವ ಕಾಲದವರು.

ನಾನು ಆರಿಸಿದ್ದನ್ನೇ ತರಿಸಿದೆವು. ಕೊರಿಯರ್ ಬರುವವರೆಗೆ ಕಾಕಾ ದಿನಕ್ಕೆ ಹತ್ತು ಸಲ ಓಣಿಯ ತಿರುವಿನವರೆಗೆ ಹೋಗಿ ಬಂದರು. ಮೇ ಮುಗಿಯುತ್ತ ಬಂದಿತ್ತು, ಮಧ್ಯಾಹ್ನವಾದರೆ ಮೋಡ ಕಟ್ಟುತ್ತಿತ್ತು. ನಾನೂ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೆ.

ಯಂತ್ರ ಬಂದ ದಿನವೇ ಹತ್ತಿರದ ಮೌಳಂಗಿಗೆ ಹೋಗಿ ಹೊಳೆಯ ಉಸುಕಿನಲ್ಲಿ ಪರೀಕ್ಷೆ ಮಾಡಿದೆವು. ನಾನು ಹೂತಿಟ್ಟ ತಾಮ್ರದ ಲೋಟ, ಹಿತ್ತಾಳೆಯ ಸೌಟು, ಬೆಳ್ಳಿಯ ಕಾಲುಂಗುರ, ಮೂರನ್ನೂ ಅದು ಹಿಡಿಯಿತು. ಚಪ್ಪಾಳೆ ತಟ್ಟಿದೆ. ಆಗ ಕಾಕಾ ಜೇಬಿನಿಂದ ಕಬ್ಬಿಣದ ಹಳೆಯ ಚಿಲಕವೊಂದನ್ನು ತೆಗೆದು ಉಸುಕಿಗೆ ಹಾಕಿ, ಇದರ ಮೇಲೆ ಆಡಿಸಿ ನೋಡಿ ಎಂದರು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಎಷ್ಟು ಶಾಣ್ಯಾ ಇದೆ ನೋಡಿ ಎಂದೆ. ಕಬ್ಬಿಣವನ್ನೂ ಹಿಡಿ ಎಂದು ಹೇಳಲು ಬರುವುದಿಲ್ಲವೇ ಎಂದು ಕೇಳಿದರು. ಅದಕ್ಕೊಂದು ಗುಂಡಿ ಇದೆ, ಆದರೆ ಅದನ್ನು ಮುಟ್ಟುವುದು ಬೇಡ ಎಂದೆ. ಅವರು ಚಿಲಕದ ಉಸುಕು ಒರೆಸಿ ಮತ್ತೆ ಜೇಬಿಗೆ ಹಾಕಿಕೊಂಡರು.

ಮರುದಿನ ಮೊದಲ ಬಸ್ಸಿಗೆ ಜೊಯಿಡಾ, ಅಲ್ಲಿಂದ ಬಾಡಿಗೆಯ ಜೀಪು, ಆಮೇಲೆ ನಡಿಗೆ. ಮನೆಯ ಜಾಗ ನೋಡಿ ಬರುತ್ತೇವೆ ಎಂದು ಕಾಕಾ ಜಲಾಶಯದ ಕಾವಲಿನವರನ್ನು ಮೊದಲೇ ಒಪ್ಪಿಸಿದ್ದರು. ಬಿರುಕು ಬಿಟ್ಟ ಕೆಸರು, ಬೂದಿ ಬಣ್ಣದ ಮರದ ಬೊಡ್ಡೆಗಳು. ದಂಡೆಯಲ್ಲೇ ಕಾಕಾ ಆ ಗುಂಡಿ ಒಮ್ಮೆ ಒತ್ತಿ ನೋಡೋಣವೇ ಎಂದರು. ಒತ್ತಿದೆ. ಕೆಂಪು ಹರಳಿನ ಆ ನೆಲದ ಮೇಲೆ ಯಂತ್ರ ಹುಚ್ಚು ಹಿಡಿದಂತೆ ಅರಚತೊಡಗಿತು. ತಲೆ ಸಿಡಿಯುತ್ತಿತ್ತು, ನೋಡಿದಿರಾ ಎಂದು ಮತ್ತೆ ಕಬ್ಬಿಣ ಬಿಡುವಂತೆ ಮಾಡಿಬಿಟ್ಟೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಬುನಾದಿಯ ಕಲ್ಲುಗಳ ನಡುವೆ ಅವರು ಯಾರೋ ಕರೆದಂತೆ ನೇರ ನಡೆದರು. ಇದು ಪಡಸಾಲೆ, ಇದು ಅಡುಗೆಮನೆ, ಇದು ಬಚ್ಚಲು. ಹಿತ್ತಲಿನ ಹಲಸಿನ ಬೊಡ್ಡೆಯ ಹತ್ತಿರ ಬಂದಾಗ ನಿಂತು ಚಪ್ಪಲಿ ಬಿಟ್ಟರು. ಮಣ್ಣು ಮೆತ್ತಿರಬೇಕು ಎಂದುಕೊಂಡೆ ನಾನು, ದಡ್ಡಿ.

ಅಲ್ಲಿ ಯಂತ್ರ ಆಡಿಸಿದೆ. ಸದ್ದಿಲ್ಲ. ಇನ್ನೊಮ್ಮೆ ಎಂದರು. ಸದ್ದಿಲ್ಲ. ಮುಂಬಾಗಿಲ ಕಡೆ ಹೋದರೆ ಅದು ಚೆನ್ನಾಗಿ ಕೂಗಿತು, ನಾನೇ ಅಗೆದೆ. ಮನೆ ಕಟ್ಟುವಾಗ ಹೊಸ್ತಿಲ ಕೆಳಗೆ ಇಟ್ಟಿದ್ದ ತಾಮ್ರದ ನಾಣ್ಯ, ಕಿಲುಬುಗಟ್ಟಿ ಹಸಿರಾಗಿತ್ತು. ಕುಣಿಯುತ್ತ ಕಾಕಾನ ಕೈಗಿಟ್ಟೆ. ಅವರು ಅದನ್ನು ನೋಡಿ ನನ್ನ ಕೈಗೇ ವಾಪಸ್ ಇಟ್ಟು, ಹಲಸಿನ ಬೊಡ್ಡೆಯ ಹತ್ತಿರ ಇನ್ನೊಂದು ಸಲ ನೋಡೋಣ ಎಂದರು. ಮೋಡ ಕವಿಯುತ್ತಿತ್ತು, ಜೊಯಿಡಾದಿಂದ ವಾಪಸ್ ಬಸ್ಸು ತಪ್ಪಿದರೆ ಗತಿಯಿರಲಿಲ್ಲ. ಮೂರನೆಯ ಸಲವೂ ಯಂತ್ರ ಸುಮ್ಮನಿದ್ದಾಗ ನನಗೆ ರೇಗಿತು.

"ಕಾಕಾ, ಇಲ್ಲೆ ಏನೂ ಇಲ್ರಿ. ಮಶಿನ್ ಸುಳ್ಳ ಹೇಳೂದಿಲ್ಲ."

ಅವರು ಚಪ್ಪಲಿ ಮೆಟ್ಟಿಕೊಂಡರು. ಬಸ್ಸಿನಲ್ಲಿ ದಾಂಡೇಲಿಯವರೆಗೂ ಕಿಟಕಿಯಾಚೆ ನೋಡುತ್ತ ಬಂದರು. ನಾವು ಇಳಿಯುವಾಗ ಮಳೆ ಶುರುವಾಯಿತು.

ಮರುದಿನ ಬೆಳಿಗ್ಗೆ ಕಾಕು ಒಂದು ಬಟ್ಟಲು ಪಾಯಸ ಹಿಡಿದು ನಮ್ಮ ಮನೆಗೆ ಬಂದರು. ಓಣಿ ದಾಟಿ ಬರುವ ಹೆಣ್ಣುಮಗಳೇ ಅಲ್ಲ ಅವರು. ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು, ಕೂಸಿನ ವಿಷಯ ಎಲ್ಲ ಹೇಳಿದರು. ನಾನು ಕೇಳಿದ್ದು ಅದೇ ಮೊದಲು.

"ಅಲ್ಲೇನೂ ಇಲ್ಲ ಅಂತ ನೀವ ಅಂದ್ರಂತಲ್ರಿ ಅಕ್ಕೋರ. ಕೂಸಿನ ಕಾಲಾಗ ಕಬ್ಬಿಣದ ಕಡಗ ಇತ್ತು. ಮಶಿನ್‌ಗೆ ಅದು ಸಿಗಲಿಲ್ಲ ಅಂದ್ರ ಕೂಸು ಅಲ್ಲಿಲ್ಲ. ನೀರಾಗ ಇಲ್ಲ. ದೇವರು ನೀರು ಬರೂಕಿಂತ ಮೊದಲ ಕರಕೊಂಡು ಹೋಗ್ಯಾನ."

ಪಾಯಸದ ಬಟ್ಟಲು ಕೆಳಗಿಟ್ಟೆ. ಕಾಕುವಿನ ಮುಖ ಅಷ್ಟು ಹಗುರಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವರನ್ನು ಕಳಿಸಿದವಳೇ ಹೊರಗೆ ಓಡಿದೆ. ಕಾಕಾ ತುಂತುರಿನಲ್ಲಿ ನಿಂತು ಓಣಿಯ ನಲ್ಲಿ ಬಿಗಿ ಮಾಡುತ್ತಿದ್ದರು. ತಪ್ಪು ನನ್ನದು, ಯಂತ್ರ ಕಬ್ಬಿಣವನ್ನೇ ಬಿಟ್ಟು ಹುಡುಕಿತು, ನೀರು ಇನ್ನೂ ಏರಿಲ್ಲ, ನಾಳೆಯೇ ಹೋಗೋಣ, ಅದು ಎಷ್ಟು ಅರಚಿದರೂ ಅರಚಲಿ, ಹಿತ್ತಲೆಲ್ಲ ನಾನೇ ಅಗೆಯುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪಾನಾ ಕೆಳಗಿಟ್ಟರು.

"ಗೊತ್ತೈತ್ರಿ ಅಕ್ಕೋರ. ಮೌಳಂಗ್ಯಾಗ ಚಿಲಕ ಹಾಕಿ ನೋಡಿದ್ನಲ್ಲ." ಒದ್ದೆ ಕೈ ಟವೆಲಿಗೆ ಒರೆಸಿಕೊಂಡರು. "ನಿನ್ನೆ ಆಕಿ ನಿದ್ದಿ ಮಾಡಿದ್ಲು. ಮೂವತ್ತು ವರ್ಷದ ಮ್ಯಾಲಾತು, ಮಳಿ ಬೀಳೂ ರಾತ್ರಿ ಆಕಿ ಮಲಗಿದ್ದು ನಾ ನೋಡಿಲ್ಲ. ಇನ್ನ ನಾ ಹುಡುಕೂದಿಲ್ಲ. ನೀವೂ ಹೇಳಬ್ಯಾಡ್ರಿ."

ಆ ಮಳೆಗಾಲ ಕಾಕು ಕಂಬಳಿ ಹೊದೆಯಲಿಲ್ಲ. ನೀರಿನ ಮಟ್ಟ ಕೇಳುವುದನ್ನೂ ಬಿಟ್ಟರು. ಕಾಕಾ ಮಾತ್ರ ನಮ್ಮ ಮನೆಯಲ್ಲಿ ನಿಂತೇ ಪೇಪರ್ ನೋಡುವುದನ್ನು ಬಿಡಲಿಲ್ಲ. ನೋಡಿ, ಮಡಚಿಟ್ಟು ಹೋಗುತ್ತಿದ್ದರು. ಅವರ ತಿರುಗಾಟ ವರ್ಷದಿಂದ ವರ್ಷಕ್ಕೆ ಉದ್ದವಾಯಿತು. ಹೊಳೆಯ ತನಕ ಹೋಗಿ ನಿಂತಿರುತ್ತಿದ್ದರು ಎಂದು ಯಾರೋ ಹೇಳುತ್ತಿದ್ದರು... ನಾನು ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಅವರ ಪಕ್ಕದಲ್ಲಿ ನಡೆಯುವ ಮುಖ ನನಗಿರಲಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋದೆ. ಹೊರಗೆ ಜೋರು ಮಳೆ. ಕಾಕು ಔಷಧ ತರಲು ಹೊರಗೆ ಹೋಗಿದ್ದರು. ಕಾಕಾ ಕಣ್ಣು ತೆರೆದು ನನ್ನನ್ನು ಕೇಳಿದ್ದು ಒಂದೇ: ನೀರು ಎಷ್ಟು ಏರಿತು ಅಂತ. ಗೊತ್ತಿಲ್ಲ ಎಂದೆ. ಗೊತ್ತಿತ್ತು. ಅದಾದ ನಾಲ್ಕನೆಯ ದಿನ ಹೋಗಿಬಿಟ್ಟರು.

ಈ ವರ್ಷ ಮತ್ತೆ ಹಿನ್ನೀರು ತಳಕ್ಕೆ ಇಳಿದಿದೆ. ಈ ಬೇಸಿಗೆಯಲ್ಲಿ ಎರಡು ಸಲ ಜೊಯಿಡಾ ಬಸ್ಸು ಹತ್ತಿ, ನನ್ನ ಬಳಿಯೇ ಉಳಿದ ಯಂತ್ರದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತು, ಬಸ್ಸು ಬಿಡುವ ಮೊದಲೇ ಇಳಿದಿದ್ದೇನೆ. ಅಲ್ಲಿ ಅದು ಕೂಗಿದರೆ ನಾನು ಯಾರ ಹತ್ತಿರ ಹೋಗಿ ಹೇಳಲಿ?

ಪರೀಕ್ಷೆಯ ಮರು ಭಾನುವಾರ ಮುಂಡಗೋಡಕ್ಕೆ ಹೋದೆ. ಕಾಕು ಈಗ ಮಗಳ ಮನೆಯಲ್ಲಿದ್ದಾರೆ. ಚಹಾ ಕೊಟ್ಟರು, ಮೊಮ್ಮಕ್ಕಳ ಓದಿನ ಬಗ್ಗೆ ಹೇಳಿದರು. ಹೊರಡುವಾಗ ಎಂದಿನಂತೆ ನನ್ನ ಕೈ ಹಿಡಿದು, ಅಂದು ಮಶಿನ್ ಏನೂ ಹೇಳಲಿಲ್ಲ ಅಲ್ಲವೇ ಎಂದು ಕೇಳಿದರು. ಇಲ್ಲ ಕಾಕು, ಏನೂ ಹೇಳಲಿಲ್ಲ ಎಂದೆ. ಅವರು ತಲೆಯಾಡಿಸಿದರು. ಗೇಟಿನವರೆಗೂ ನನ್ನ ಜೊತೆ ಬಂದರು.

"ನಾ ಏನೋ ಸಮಾಧಾನ ಮಾಡಕೊಂಡ್ನಿ ಅಕ್ಕೋರ. ಆದ್ರ ಅವರಿಗೆ ಕಡೀ ತನಕಾ ಏನ ಚಿಂತಿ ಇತ್ತೋ ಏನೋ, ನನಗೊಂದೂ ತಿಳೀಲಿಲ್ಲ ನೋಡ್ರಿ."

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವವಳು ನಾನು. ಬಸ್ಸಿಗೆ ಹೊತ್ತಾಯಿತು ಎಂದಷ್ಟೇ ಹೇಳಿ ಬಂದೆ.