ಹಾಡುವ ಬಾತುಕೋಳಿಯ ಮುಚ್ಚಳ

ಬೀದಿಯ ಮಕ್ಕಳೆಲ್ಲ ಅವನನ್ನು ಪೀಪಿ ಮಾವ ಎಂದು ಕರೆಯುತ್ತಿದ್ದರು. ಆಟಿಕೆ ಅಂಗಡಿಯವನೆಂದಷ್ಟೇ ಬಂದ ಹೆಸರಲ್ಲ ಅದು. ಸಿಟ್ಟು ಬಂದರೆ ಅವನ ಗಂಟಲು ಪೀಪಿಯ ಹಾಗೆಯೇ ಒಡೆದುಕೊಂಡು ಕೂಗುತ್ತಿತ್ತು. ಸಿಟ್ಟೋ, ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಕೋಲಿಗೆ ಬಲೂನು ಕಟ್ಟಿಕೊಂಡು ಊರೆಲ್ಲ ಸುತ್ತಿದವನು ಕೊನೆಗೆ ಎರಡು ಕಟ್ಟಡಗಳ ನಡುವಿನ ಸಂದಿನಂಥ ಜಾಗದಲ್ಲಿ ಅಂಗಡಿ ಇಟ್ಟಿದ್ದ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಂಡು ಇನ್ನೊಬ್ಬರಿಗೆ ದಾರಿ ಬಿಡಬೇಕಿತ್ತು.

ಆಡಿಸಿ ತೋರಿಸದೆ ಅವನು ಯಾವ ಆಟಿಕೆಯನ್ನೂ ಕೊಡುತ್ತಿರಲಿಲ್ಲ. ಅಂಗಡಿಯ ಹೊಸದರಲ್ಲಿ ಒಬ್ಬ ಅಪ್ಪ, ಡೋಲು ಬಾರಿಸದ ಕೋತಿಯೊಂದನ್ನು ತಂದು ಅವನ ಎದೆಗೆ ಎಸೆದು, "ನನ್ನ ಮಗಳು ಅತ್ತೂ ಅತ್ತೂ ಜ್ವರ ಬರಿಸ್ಕೊಂಡಿದಾಳೆ ಕಣಯ್ಯಾ, ಮೋಸಗಾರ" ಎಂದು ಬೀದಿಗೆಲ್ಲ ಕೇಳುವಂತೆ ಬೈದು ಹೋಗಿದ್ದ. ಇಪ್ಪತ್ತೆರಡು ವರ್ಷ ಕಳೆದರೂ ಆ ಮಾತಿನ ಮುಳ್ಳು ಒಳಗೇ ಇತ್ತು. ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದ ಮಾಲಿನ ಸೆಲ್ಲು ಸತ್ತಿರುವುದು ಮಾಮೂಲು. ಹಾಗಾಗಿ ಪೀಪಿ ಮಾವ ಆಟಿಕೆಯನ್ನು ಪೆಟ್ಟಿಗೆಯಿಂದ ತೆಗೆದು, ಸ್ಕ್ರೂ ಬಿಚ್ಚಿ, ಹೊಸ ಸೆಲ್ಲು ಹಾಕಿ, ಹಾಡಿಸಿ ಕುಣಿಸಿ ಆಮೇಲೆ ಕೊಡುವನು. ಸ್ಕ್ರೂ ಮಾತ್ರ ಸಾಸಿವೆಗಿಂತ ಒಂದಿಷ್ಟು ದಪ್ಪ. ಕನ್ನಡಕ ಹಾಕಿಕೊಂಡರೂ ಬೆರಳಿಗೆ ಸಿಗದು. ಎರಡು ಸಲ ಜಾರಿತೆಂದರೆ ಅವನ ಪಿತ್ತ ನೆತ್ತಿಗೇರುವುದು. ಒತ್ತಿದರೆ ಮುಚ್ಚಳ ಟಕ್ಕೆಂದು ಕೂರುತ್ತದಲ್ಲ, ಇನ್ನೇನು ಬೇಕು? ಸ್ಕ್ರೂಗಳು ಮೇಜಿನ ಮೇಲಿನ ಡಬ್ಬಿಗೆ ಬೀಳುತ್ತಿದ್ದವು.

ಆ ದಿನ ಹನ್ನೊಂದೂವರೆಗೆ ಆಟಿಕೆಗಳ ಸುರಕ್ಷತೆ ತಪಾಸಣೆಯ ಅಧಿಕಾರಿ ಬಂದರು. ಸಣಕಲು ಹೆಂಗಸು, ಹೆಗಲಿಗೊಂದು ಚೀಲ.

"ಐಎಸ್‌ಐ ಮಾರ್ಕ್ ಇಲ್ಲದ ಮಾಲು ಇದೆಯೇನ್ರೀ?"

"ನೀವೇ ನೋಡ್ಕೊಳ್ಳಿ ಮೇಡಂ. ಒಂದೊಂದು ಪೆಟ್ಟಿಗೆ ಮೇಲೂ ಗುರುತಿದೆ. ಕಳ್ಳಮಾಲು ಮುಟ್ಟಿದ ಕೈಯಲ್ಲ ಇದು."

ಅವರು ನೋಡಿದರು. ಪೆಟ್ಟಿಗೆಯ ಮೇಲಿನ ಗುರುತು, ತಯಾರಕರ ವಿಳಾಸ, ಎಷ್ಟು ವರ್ಷದ ಮಕ್ಕಳಿಗೆ ಎಂಬ ಸೂಚನೆ, ಎಲ್ಲ ಓದಿದರು. ಕರಡಿಯ ಕಣ್ಣು ಹಿಡಿದು ಎಳೆದರು, ಬರಲಿಲ್ಲ. ಪೀಪಿ ಮಾವ ಮೀಸೆಯಡಿಯಲ್ಲೇ ನಕ್ಕ. ಆಮೇಲೆ ಅವರು ಕಪಾಟಿನಿಂದ, ಅವನು ಆಗಲೇ ಆಡಿಸಿ ನೋಡಿ ಇಟ್ಟಿದ್ದ ಹಳದಿ ಬಾತುಕೋಳಿಯೊಂದನ್ನು ಎತ್ತಿಕೊಂಡು ಬೆನ್ನು ಒತ್ತಿದರು. ಅದು ಹಾಡಿತು. ಮಗುಚಿ, ಹೊಟ್ಟೆಯ ಮುಚ್ಚಳಕ್ಕೆ ಉಗುರು ಕೊಟ್ಟರು. ಮುಚ್ಚಳ ಹಾರಿ, ನಾಣ್ಯದಷ್ಟಗಲದ ಸೆಲ್ಲು ನೆಲಕ್ಕೆ ಬಿದ್ದು ಉರುಳಿತು.

"ಸ್ಕ್ರೂ ಎಲ್ಲಿ?"

"ಅದಾ, ಇಲ್ಲೇ ಇರುತ್ತೆ" ಎಂದು ಡಬ್ಬಿ ಮುಂದೆ ತಳ್ಳಿದ.

ಅಧಿಕಾರಿ ಡಬ್ಬಿಯೊಳಗೆ ಇಣುಕಿದರು. ಅರ್ಧಕ್ಕೂ ಮೇಲೆ ತುಂಬಿತ್ತು. "ಜನಕ್ಕೆ ಹೀಗೇ ಕೊಡ್ತೀರಾ?"

"ಏನ್ ಮೇಡಂ, ಇಷ್ಟುದ್ದ ಸ್ಕ್ರೂಗೂ ಕಾನೂನಾ? ನಾನೇನು ಬಾಂಬ್ ಮಾರ್ತಿದೀನಾ?"

ಅವರು ತಿರುಗಿ ಕೂಗಲಿಲ್ಲ. ದನಿ ಇನ್ನಷ್ಟು ಇಳಿಯಿತು. ಕೂಗಿದ್ದರೆ ಅವನಿಗೆ ಹೆದರಿಕೆಯಾಗುತ್ತಿರಲಿಲ್ಲ, ಇಳಿದ ದನಿಗೆ ಅವನು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡ.

"ಬರೀ ಕೈಯಲ್ಲಿ ಈ ಮುಚ್ಚಳ ತೆರೆಯಬಾರದು ಅಂತ ಕಾನೂನು ಇರೋದು ಯಾಕೆ ಗೊತ್ತಾ? ಮಗು ಈ ಸೆಲ್ ನುಂಗಿದ್ರೆ ಗಂಟಲ ಕೆಳಗೆ ಸಿಕ್ಕೊಳ್ಳುತ್ತೆ. ಒದ್ದೆ ತಗುಲಿದ ಕೂಡಲೇ ಸುಡೋಕೆ ಶುರು. ಎರಡು ಗಂಟೆ ಸಾಕು ಅನ್ನನಾಳ ಹಾಳಾಗೋಕೆ. ಹೊರಗೆ ಏನೂ ಕಾಣಲ್ಲ. ಮಗು ಜೊಲ್ಲು ಸುರಿಸುತ್ತೆ, ರಚ್ಚೆ ಹಿಡಿಯುತ್ತೆ. ಹಲ್ಲು ಬರ್ತಿದೆ ಅಂದ್ಕೊಂಡು ಮನೆಯವರು ಸುಮ್ಮನಿರ್ತಾರೆ."

ಪೀಪಿ ಮಾವ ಬಗ್ಗಿ ನೆಲದ ಮೇಲಿದ್ದ ಸೆಲ್ಲನ್ನು ಎತ್ತಿಕೊಂಡ. "ಮೇಡಂ, ಬೆಳಿಗ್ಗೆ ಇಂಥದ್ದೇ ಒಂದು ಕೊಟ್ಟೆ. ಹತ್ತು ಗಂಟೆಗೆ. ಬೀಗ ರಿಪೇರಿಯವನ ತಾಯಿಗೆ, ಮೊಮ್ಮಗಳಿಗೆ ಅಂತ."

"ಮಗು ಎಷ್ಟು ದೊಡ್ಡದು?"

"ಈಗಿನ್ನೂ ಗೋಡೆ ಹಿಡ್ಕೊಂಡು ನಡೀತಾಳೆ."

ಮೂರು ವರ್ಷ ಮೇಲ್ಪಟ್ಟವರಿಗೆ ಎಂದು ಬರೆದ ಅದರ ಪೆಟ್ಟಿಗೆ ಅಲ್ಲೇ ಅವನ ಕಾಲ ಬಳಿ ಖಾಲಿ ಬಿದ್ದಿತ್ತು. ಅಧಿಕಾರಿ ಗಡಿಯಾರ ನೋಡಿದರು. "ಓಡಿ" ಎಂದರು. "ನಾನು ನಿಮ್ಮ ಹಿಂದೇನೇ ಕಾರು ತರ್ತೀನಿ."

ಅವನು ಓಡಿದ. ಐವತ್ತು ದಾಟಿದ ಮೊಣಕಾಲು, ಕಾಲಲ್ಲಿ ಸವೆದ ಚಪ್ಪಲಿ. ಹಾಲಿನಂಗಡಿ ದಾಟುವಾಗ ಒಂದು ಚಪ್ಪಲಿ ಕಳಚಿತು, ಇನ್ನೊಂದನ್ನು ಅವನೇ ಒದ್ದುಬಿಟ್ಟ. "ಏನ್ ಮಾವ, ಸಾಲ ಕೊಟ್ಟವರು ಬಂದ್ರಾ?" ಎಂದು ಕ್ಷೌರದಂಗಡಿಯವನು ನಕ್ಕ. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರು ಜಾಲಾಡುತ್ತಿದ್ದ. ಈಗ ತಿರುಗಿಯೂ ನೋಡಲಿಲ್ಲ. ಏನೂ ಆಗಿರಲ್ಲ, ಆಗಿರಲ್ಲ, ಮುಚ್ಚಳ ಗಟ್ಟಿ ಕೂತಿತ್ತು ಎಂದು ಹೆಜ್ಜೆಗೊಮ್ಮೆ ಹೇಳಿಕೊಂಡ. ಅಧಿಕಾರಿಯ ಉಗುರು ತಾಕಿದ್ದೇ ಹಾರಿದ ಮುಚ್ಚಳ ಕಣ್ಣ ಮುಂದೆ ಮತ್ತೆ ಮತ್ತೆ ಹಾರುತ್ತಿತ್ತು.

ಬೀಗದವನ ಮನೆಯ ಎರಡು ಮಹಡಿ ಹತ್ತಿದಾಗ ಉಸಿರೇ ಇರಲಿಲ್ಲ. ಬಾಗಿಲು ತೆರೆದಿತ್ತು. ಅಜ್ಜಿ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ತೊಡೆಯ ಮೇಲೆ ಮೊಮ್ಮಗಳು.

"ಬಾರಪ್ಪಾ ಪೀಪಿ. ನಿನ್ನ ಬಾತುಕೋಳಿ ಆಗಲೇ ಬಾಯಿ ಮುಚ್ಕೊಂಡು ಕೂತಿದೆ. ಬದಲಾಯಿಸಿ ಕೊಡ್ತೀಯಾ, ಇಲ್ಲ ನಾನೇ ಹಾಡ್ಲಾ?"

ಬಾತುಕೋಳಿ ಮೂಲೆಯಲ್ಲಿ ಮಗುಚಿ ಬಿದ್ದಿತ್ತು. ಎತ್ತಿಕೊಂಡ. ಹೊಟ್ಟೆ ಖಾಲಿ.

"ಇದರೊಳಗಿದ್ದ ಸೆಲ್ಲು ಎಲ್ಲಿ ಅಜ್ಜಿ?"

"ನಾನೇನು ಅದರ ಹೊಟ್ಟೆ ಬಗೆದು ನೋಡಿದೀನಾ?"

ಅವನು ಚಾಪೆ ಎತ್ತಿ ಎಸೆದ. ಹುರುಳಿಕಾಯಿಯ ಮೊರ ಮಗುಚಿದ. ಮಂಚದ ಕೆಳಗೆ ಮಲಗಿ ಕೈಯಾಡಿಸಿದ. ಮುಚ್ಚಳ ಸಿಕ್ಕಿತು, ಸೆಲ್ಲು ಸಿಗಲಿಲ್ಲ. "ಬುದ್ಧಿ ಕೆಟ್ಟಿದೆಯೇನೋ ನಿಂಗೆ?" ಎಂದು ಅಜ್ಜಿ ಗದರಿದಳು. ಆಗ ಅವನು ಮಗುವನ್ನು ಸರಿಯಾಗಿ ನೋಡಿದ. ಅಂಗಿಯ ಎದೆಭಾಗ ಪೂರ್ತಿ ಜೊಲ್ಲಿನಿಂದ ಒದ್ದೆಯಾಗಿತ್ತು.

"ಹಲ್ಲು ಬರ್ತಿದೆ ಕಣೋ" ಎಂದಳು ಅಜ್ಜಿ.

ಪೀಪಿ ಮಾವ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಅಜ್ಜಿ ಕೂಗಿಕೊಂಡು ಹಿಂದೆಯೇ ಓಡಿಬಂದಳು. ಕೆಳಗೆ ಅಧಿಕಾರಿಯ ಕಾರು ನಿಂತಿತ್ತು. ಅಜ್ಜಿಯ ಮಗನ ಬೀಗದಂಗಡಿಯ ಮುಂದೆ ನಿಲ್ಲಿಸಿ ಅವನನ್ನೂ ಹತ್ತಿಸಿಕೊಂಡರು. ಬೀಗದವನಿಗೆ ಕೈಯಲ್ಲಿದ್ದ ಕೀಲಿಕೈ ಉಜ್ಜುವ ಅರವನ್ನು ಕೆಳಗಿಡಲೂ ಪುರುಸೊತ್ತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಪುಟ್ಟ ಎದೆಗೂಡಿನ ಮೇಲ್ಭಾಗದಲ್ಲಿ ದುಂಡನೆಯ ಬಿಳಿ ಬೊಟ್ಟು. ಡಾಕ್ಟರು ಅದರ ಅಂಚಿನ ಮೇಲೆ ಪೆನ್ನು ಇಟ್ಟು ತೋರಿಸಿದರು. "ಅಂಚಿನಲ್ಲಿ ಎರಡು ಗೆರೆ ಇದೆ ನೋಡಿ. ನಾಣ್ಯ ಅಲ್ಲ, ಸೆಲ್ಲು. ಹಳೇದಾ, ಹೊಸದಾ? ಯಾರಿಗಾದ್ರೂ ಗೊತ್ತಾ?"

"ಆ ಕಂಪನಿಯವರು ಯಾವುದು ಹಾಕಿದ್ರೋ ಯಾರಿಗೆ ಗೊತ್ತು ಡಾಕ್ಟ್ರೇ" ಎಂದ ಬೀಗದವನು. "ಒಂದು ಸ್ಕ್ರೂ ಹಾಕೋ ಯೋಗ್ಯತೆ ಇಲ್ಲ ದರಿದ್ರದವರಿಗೆ. ನಮ್ಮ ಪುಣ್ಯ, ಈ ಮಾವ ದೇವರ ಹಾಗೆ ಓಡಿ ಬಂದ." ಹೇಳುತ್ತ ಪೀಪಿ ಮಾವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಕಬ್ಬಿಣದ ಪುಡಿ ಮೆತ್ತಿದ ಒರಟು ಅಂಗೈ.

ಅಧಿಕಾರಿ ಗೋಡೆಗೆ ಒರಗಿ ಪೀಪಿ ಮಾವನನ್ನೇ ನೋಡುತ್ತಿದ್ದರು. ಕಂಪನಿ ಎಲ್ಲೋ ದೂರದಲ್ಲಿದೆ, ಬೈಗುಳ ಅದಕ್ಕೆ ಮುಟ್ಟುವುದಿಲ್ಲ, ನೋಯುವುದೂ ಇಲ್ಲ ಎಂದುಕೊಂಡ ಪೀಪಿ ಮಾವ.

"ಹೊಸದಾದ್ರೆ ಬೇಗ ಸುಡುತ್ತೆ. ಅದಕ್ಕೇ ಕೇಳ್ತಿದೀನಿ" ಎಂದರು ಡಾಕ್ಟರು.

"ಹೊಸದು" ಎಂದ ಪೀಪಿ ಮಾವ. ಬೀದಿ ನಡುಗಿಸುವ ದನಿ ಅವನಿಗೇ ಕೇಳದಷ್ಟು ಸಣ್ಣಗೆ ಹೊರಟಿತು. "ಬೆಳಿಗ್ಗೆ ಹತ್ತಕ್ಕೆ ನಾನೇ ಹಾಕಿದ್ದು. ಮೂರು ವೋಲ್ಟಿಂದು. ಕಂಪನಿಯವರು ಸ್ಕ್ರೂ ಹಾಕಿದ್ರು. ತೆಗೆದವನು ನಾನು. ತಿರುಗಿ ಹಾಕಲಿಲ್ಲ."

ಡಾಕ್ಟರು ಒಳಗೆ ಓಡಿದರು. ಬೀಗದವನ ಕೈಗಳು ಮೆಲ್ಲಗೆ ಸಡಿಲವಾದವು. ಹೊಡೆಯುತ್ತಾನೆಂದು ಪೀಪಿ ಮಾವ ಕಾದ, ಹೊಡೆಯಲಿ ಎಂದೇ ಕಾದ. ಅವನು ಹೊಡೆಯಲಿಲ್ಲ. ಅಜ್ಜಿ ಮಾತ್ರ ತನ್ನ ಅಂಗೈಯನ್ನೇ ನೋಡುತ್ತ, "ಈ ಕೈಯಾರೆ ಕೊಟ್ಟೆನಲ್ಲೋ ಮಗೂಗೆ" ಎಂದಳು.

ಮುಕ್ಕಾಲು ಗಂಟೆ. ಆ ಬಾಗಿಲು ಒಂದೊಂದು ಸಲ ಅಲುಗಿದಾಗಲೂ ನಾಲ್ವರೂ ಎದ್ದು ನಿಲ್ಲುತ್ತಿದ್ದರು. ಕೊನೆಗೆ ಡಾಕ್ಟರು ಬಂದು, ಬಾಯಿಂದ ಕೊಳವೆ ಇಳಿಸಿ ತೆಗೆದೆವು ಎಂದರು. ಅನ್ನನಾಳ ಒಂದು ಪಕ್ಕ ಸುಟ್ಟಿದೆ, ತೂತಾಗಿಲ್ಲ, ಆದರೆ ಕೆಲವು ದಿನ ಏನನ್ನೂ ಖಚಿತವಾಗಿ ಹೇಳಲಾಗದು ಎಂದರು. ಬೀಗದವನು ಪೀಪಿ ಮಾವನ ಕಡೆ ತಿರುಗಿದ.

"ಹೀಗೆ ಇನ್ನೆಷ್ಟು ಮನೆಗೆ ಕೊಟ್ಟಿದೀಯಾ?"

ಹಾಡುವ ಫೋನು, ಮಿನುಗುವ ಬುಗುರಿ, ಬೊಗಳುವ ನಾಯಿ. ಕೊಂಡುಹೋದವರ ಮುಖಗಳು ಪೀಪಿ ಮಾವನ ಕಣ್ಣ ಮುಂದೆ ಒಂದೊಂದಾಗಿ ಎದ್ದು ಬಂದವು.

"ಇಲ್ಲಿ ಕೂತಿದ್ರೆ ಏನು ಬಂತು? ಎದ್ದು ಹೋಗು" ಎಂದ ಬೀಗದವನು.

ಅಧಿಕಾರಿ ಅಂಗಡಿ ಮುಚ್ಚಲು ಬರೆದುಕೊಟ್ಟ ಕಾಗದವನ್ನು ಜೇಬಿಗೆ ತುರುಕಿಕೊಂಡು, ಬರಿಗಾಲಲ್ಲೇ ಅವನು ತನ್ನ ಬೀದಿಗೆ ಬಂದ. ತುದಿಯಿಂದ ಶುರು ಮಾಡಿದ. ಮೊದಲ ಮನೆಯಲ್ಲಿ ಆಟಿಕೆ ನಾಯಿಯ ಸೆಲ್ಲು ಅದರೊಳಗೇ ಇತ್ತು. ಎರಡನೆಯ ಮನೆಯವರು ಆಟಿಕೆ ಎಂದೋ ಕಸಕ್ಕೆ ಹೋಯಿತೆಂದರು. ಮೂರನೆಯ ಬಾಗಿಲು ತಟ್ಟುವಾಗ ಮಧ್ಯಾಹ್ನ ಮೂರಾಗಿತ್ತು. ಪತ್ರಿಕೆ ಹಾಕುವವನ ಹೆಂಡತಿ ಬಾಗಿಲನ್ನು ಅರ್ಧ ತೆರೆದು, ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಮಾವ. ಬೆಳಿಗ್ಗೆಯಿಂದ ಒಂದೇ ರಚ್ಚೆ, ಅನ್ನ ಮುಟ್ಟಿಲ್ಲ. ಈಗಷ್ಟೇ ಮಲಗಿದಾನೆ. ನಿಮ್ಮ ದನಿ ಕೇಳಿದ್ರೆ ಎದ್ಬಿಡ್ತಾನೆ."

"ಎಬ್ಬಿಸಮ್ಮ" ಎಂದ ಪೀಪಿ ಮಾವ. ಹೊಸ್ತಿಲು ದಾಟಿ ಆಗಲೇ ಒಳಗೆ ಕಾಲಿಟ್ಟಿದ್ದ. "ಈಗಲೇ ಎಬ್ಬಿಸು."