ಅಕ್ಕೋರ ಬಾಗಿಲು ತೆರೆದೇ ಇತ್ತು

ಕಳೆದ ವಾರ ಸೂರತ್ತಿನಿಂದ ಸೀರೆ ಫಾಲ್ಸಿನ ಪಾರ್ಸೆಲ್ ಬಂತು. ಬ್ಲೌಸ್ ಕತ್ತರಿಸುವ ಕತ್ತರಿಯಿಂದಲೇ ಅದರ ಕಂದು ಟೇಪು ಸೀಳಿದೆ. ಆ ಟೇಪು ಬಿಡುವಾಗ ಅಂಟಿನ ವಾಸನೆಯೊಂದು ಬರುತ್ತದಲ್ಲ, ಅದು ಮೂಗಿಗೆ ಬಡಿದ ಕೂಡಲೇ ಹಳೆಯ ಸಿಟ್ಟು ಎದ್ದಿತು. ನಾಲ್ಕು ವರ್ಷವಾಯಿತು, ಇನ್ನೂ ಹಾಗೇ ಏಳುತ್ತದೆ. ಕತ್ತರಿ ಕೆಳಗಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದೆ.

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಅಕ್ಕೋರದು. ಐದನೆಯಿಂದ ಏಳನೆಯವರೆಗೆ ಶಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಟೀಚರು. ಕಲಿಸಿದರು ಅನ್ನುವುದಕ್ಕಿಂತ ಕಲಿಸಲು ಹೆಣಗಿದರು ಅನ್ನಬೇಕು. ನಾನು ಹತ್ತನೆಯಲ್ಲಿ ಇಂಗ್ಲಿಷಿಗೇ ನಪಾಸಾಗಿ ಹೊಲಿಗೆ ಮಷೀನಿನ ಮುಂದೆ ಕುಳಿತವಳು. ಅದಕ್ಕಾಗಿ ಅವರು ಒಂದು ದಿನವೂ ಹಂಗಿಸಲಿಲ್ಲ. ನಿವೃತ್ತರಾದ ಮೇಲೆ ಮನೆಯಲ್ಲಿ ಒಬ್ಬರೇ ಇದ್ದರು. ನನ್ನ ಮಷೀನಿನ ಸದ್ದು ಕೇಳಿದರೆ ಚಹಾ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು.

ಆಮೇಲಾಮೇಲೆ ಆ ಸದ್ದೂ ಅವರಿಗೆ ಕೇಳದಾಯಿತು. ಎಡಗಿವಿ ಪೂರ್ತಿ ಹೋಯಿತು. ಬಲಗಿವಿಗೆ ಮಷೀನು ಹಾಕಿಕೊಂಡರೆ ಮಾತು ಕೇಳಿಸುತ್ತಿತ್ತು, ತೆಗೆದರೆ ಇಲ್ಲ. ದಿನಾ ಸಂಜೆ ಐದೂವರೆಗೆ ಬಸವನ ಬಾಗೇವಾಡಿಯಿಂದ ಅವರ ತಂಗಿಯ ಫೋನು ಬರುತ್ತಿತ್ತು. ಅಕ್ಕತಂಗಿಯರ ಆ ಮಾತು ಓಣಿಗೆಲ್ಲ ಕೇಳಿಸುವಂಥದ್ದು. ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಎಷ್ಟು ಹಾಕಬೇಕು ಅನ್ನುವುದಕ್ಕೇ ಅರ್ಧ ತಾಸು ಜಗಳ ನಡೆಯುತ್ತಿತ್ತು. ಆ ತಂಗಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ಹಾಸಿಗೆ ಹಿಡಿದ ಮೇಲೂ ಫೋನು ತಪ್ಪಲಿಲ್ಲ. ದನಿ ಸಣ್ಣಗಾಯಿತು, ಜಗಳ ಸಣ್ಣಗಾಗಲಿಲ್ಲ.

ಅಂಥ ಹೊತ್ತಿನಲ್ಲಿ ಕಿವಿಯ ಮಷೀನು ಕೆಟ್ಟಿತು, ಐದೂವರೆಯ ಫೋನೂ ನಿಂತಿತು. ವಿಜಯಪುರದಲ್ಲಿ ಅದನ್ನು ಮಾರಿದವರು ಅಂಗಡಿ ಮುಚ್ಚಿ ಹೋಗಿದ್ದರು. ಪುಣೆಯ ಕಂಪನಿಗೇ ಕಳಿಸಿದೆವು. ಅವರು ಪಾಪ ಬೇಗ ರಿಪೇರಿ ಮಾಡಿ ಕೊರಿಯರಿಗೆ ಹಾಕಿದರು. ಗುರುವಾರ ಮುಟ್ಟುತ್ತದೆ ಎಂದು ಅಕ್ಕೋರ ಫೋನಿಗೆ ಮೆಸೇಜು ಬಂತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಕ್ಕೋರು ಬಾಗಿಲು ತೆರೆದಿಟ್ಟು, ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಕುಳಿತರು.

"ಬಾಗಲಾ ಬಡದ್ರ ನನಗೆಲ್ಲಿ ಕೇಳಸ್ತೈತಿ? ಕಣ್ಣೀಲೇ ಕಾಯಬೇಕು" ಅಂದರು.

ಊಟವನ್ನೂ ಅಲ್ಲೇ ಮಾಡಿದರು. ಬಚ್ಚಲಿಗೆ ಹೋಗುವಾಗ ನನ್ನನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದರು. ಕತ್ತಲಾಗುವವರೆಗೆ ಕುಳಿತರು. ಯಾರೂ ಬರಲಿಲ್ಲ.

ಆ ಸಂಜೆ ಒಂದು ರೂಲ್ ಹಾಕಿದ ನೋಟ್‌ಬುಕ್ ತೆಗೆದು, ಕೊರಿಯರ್ ಕಂಪನಿಗೆ ಫೋನು ಮಾಡಿ ಏನು ಕೇಳಬೇಕೆಂದು ನನಗಾಗಿ ಬರೆದರು. ಅಲ್ಲಿ ಒಂದು ಒತ್ತಿದರೆ ಹಿಂದಿ, ಎರಡು ಒತ್ತಿದರೆ ಇಂಗ್ಲಿಷ್. ಕನ್ನಡಕ್ಕೆ ಯಾವ ನಂಬರೂ ಇರಲಿಲ್ಲ. ನನಗೆ ಓದಲು ಬರಲೆಂದು ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದರು. 'ಗುಡ್ ಈವ್ನಿಂಗ್. ಐ ಆಮ್ ಕಾಲಿಂಗ್ ಟು ಎನ್‌ಕ್ವೈರ್ ಅಬೌಟ್ ಎ ಪಾರ್ಸೆಲ್. ಕುಡ್ ಯು ಕೈಂಡ್ಲಿ ಟೆಲ್ ಮಿ ವೆನ್ ಇಟ್ ವಿಲ್ ಬಿ ಡೆಲಿವರ್ಡ್?'

ನಾನು ಒಮ್ಮೆ ಓದಿ ತೋರಿಸಿದೆ, ಕುಡ್ ಇದ್ದಲ್ಲಿ ಕ್ಯಾನ್ ಅಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ಕ್ಯಾನ್ ಅನಬ್ಯಾಡ. ಕುಡ್ ಅನ್ನು. ಕ್ಯಾನ್ ಅಂದ್ರ ಆಗ್ತೈತೇನು ಅಂತ ಕೇಳಿದಂಗ. ಕುಡ್ ಅಂದ್ರ, ನಿಮಗ ತ್ರಾಸ ಆಗಲಿಲ್ಲಂದ್ರ ಹೇಳ್ರಿ ಅಂದಂಗ."

"ನಮ್ಮ ಮಾತಿನ್ಯಾಗ ಹೇಳ್ರಿ ಅಂದ್ರ ಮುಗೀತಲ್ರಿ ಅಕ್ಕೋರ. ಆ 'ರಿ' ಒಳಗ ಎಲ್ಲಾ ಮರ್ಯಾದಿ ಬರ್ತೈತಿ" ಎಂದು ಬರೆದು ತೋರಿಸಿದೆ. ನಕ್ಕರು.

ಫೋನಿನ ಆಚೆಗಿದ್ದ ಹುಡುಗಿ ನನಗಿಂತ ನಯವಾಗಿದ್ದಳು. ಪಾರ್ಸೆಲ್ ದಾರಿಯಲ್ಲಿದೆ, ನಾಳೆ ಖಂಡಿತ ಬರುತ್ತದೆ, ಆದ ತೊಂದರೆಗೆ ವಿಷಾದಿಸುತ್ತೇವೆ, ಇಷ್ಟನ್ನು ಒಂದೇ ಉಸಿರಿಗೆ ಹೇಳಿದಳು. ಯಾರ ಹೆಸರಿಗೆ ಬಂದಿದೆಯೋ ಅವರೇ ಮನೆಯಲ್ಲಿದ್ದು, ಗುರುತಿನ ಚೀಟಿ ತೋರಿಸಿ ಸಹಿ ಮಾಡಬೇಕು, ಇಲ್ಲದಿದ್ದರೆ ವಾಪಸು ಹೋಗುತ್ತದೆ ಎಂದೂ ಹೇಳಿದಳು. ಅದನ್ನೂ ಬರೆದು ತೋರಿಸಿದೆ. ಅಕ್ಕೋರು ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಶುಕ್ರವಾರವೂ ಕುರ್ಚಿಯಲ್ಲೇ ಇದ್ದರು. ಮಧ್ಯಾಹ್ನ ನಾನೇ ಬಸ್‌ಸ್ಟ್ಯಾಂಡಿನ ಹಿಂದಿನ ಆ ಕೊರಿಯರ್ ಆಫೀಸಿಗೆ ಹೋದೆ. ನಮ್ಮ ಓಣಿಯಿಂದ ನಡೆದರೆ ಐದು ನಿಮಿಷ. ಅಲ್ಲಿದ್ದವನು ಮೊಬೈಲಿನಿಂದ ಮುಖ ಎತ್ತದೆಯೇ "ಬಂದಿಲ್ಲರಿ. ಬಂದ್ರ ಮನಿಗೇ ತಂದು ಕೊಡ್ತೇವಿ, ನೀವ್ಯಾಕ ಬರಾಕ ಹೋದ್ರಿ" ಅಂದ. ಅವನ ಬೆನ್ನ ಹಿಂದೆ ಸೊಂಟದೆತ್ತರ ಡಬ್ಬಿಗಳ ರಾಶಿಯಿತ್ತು. ಒಂದು ಸಲವೂ ತಿರುಗಿ ನೋಡಲಿಲ್ಲ. ನಾನು ನಂಬಿ ಬಂದೆ. ಆ ನಂಬಿ ಬಂದದ್ದಿದೆಯಲ್ಲ... ಅದನ್ನು ನೆನೆದರೆ ಅವನಿಗಿಂತ ಮೊದಲು ನನ್ನ ಕಪಾಳಕ್ಕೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅದೇ ಸಂಜೆ ಬಾಗೇವಾಡಿಯಿಂದ ತಂಗಿಯ ಮಗ ನನ್ನ ಫೋನಿಗೆ ಮಾಡಿದ. "ಅವ್ವ ಭಾಳ ಸೊರಗ್ಯಾಳ್ರಿ. ದೊಡ್ಡವ್ವ ಒಂದ್ಸಲ ಬಂದು ಹೋದ್ರ ಚಲೋ ಇತ್ತು."

ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ಅಕ್ಕೋರು ಓದಿ, ಸೆರಗಿನ ತುದಿಯ ಆಧಾರ್ ಕಾರ್ಡು ಮುಟ್ಟಿ ನೋಡಿಕೊಂಡರು.

"ನಾಳೆ ಮಷೀನ್ ಬರ್ತೈತಿ ಅಂದಾರಲ್ಲ. ಹಾಕ್ಕೊಂಡು ನಾಡದ್ದು ಹೋಗ್ತೇನಿ. ಈಗ ಹೋಗಿ ಏನ್ ಮಾಡ್ಲಿ? ಆಕಿ ಮಾತಾಡೂದು, ನಾ ಗೊಂಬಿ ಕುಂತಂಗ ಕುಂತು ಬಾಯಿ ನೋಡೂದು. ಮಾತಾಡಾಕಾದ್ರೂ ಬ್ಯಾಡೇನು ಆಕಿಗಿ?"

ನಾನು ಕೈ ಹಿಡಿದು ಎಬ್ಬಿಸಬೇಕಿತ್ತು. ಮಷೀನು ಹಾಳಾಗಿ ಹೋಗಲಿ, ನಡೀರಿ ಅನ್ನಬೇಕಿತ್ತು. ಅನ್ನಲಿಲ್ಲ. ನಾಳೆ ಬರುತ್ತದೆ ಎಂದು ನಾನೂ ನಂಬಿದ್ದೆ.

ಶನಿವಾರ ಎರಡು ಸಲ ಫೋನು ಮಾಡಿದೆ. ಎರಡನೆಯ ಸಲಕ್ಕೆ ಅಕ್ಕೋರು ಇನ್ನೊಂದು ವಾಕ್ಯ ಬರೆದುಕೊಟ್ಟರು. 'ಐ ಆಮ್ ಸಾರಿ ಟು ಟ್ರಬಲ್ ಯು ಅಗೇನ್.' ಮತ್ತೆ ತ್ರಾಸ ಕೊಡುತ್ತಿದ್ದೇನೆ, ಕ್ಷಮಿಸಿ. ಓದಿದೆ. ಇವತ್ತಿಗೂ ನನ್ನ ನಾಲಿಗೆ ಸುಡುವ ವಾಕ್ಯ ಅದು. ತ್ರಾಸ ಕೊಡುತ್ತಿದ್ದವರು ಅವರು, ಕ್ಷಮೆ ಕೇಳಿದವರು ನಾವು. ಅದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ! ಆಚೆಗಿದ್ದವನು ಯಾವುದೋ ಗಿಳಿಪಾಠ ಒಪ್ಪಿಸಿ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿದ. ಮೊದಲಿನದ್ದೇ ಮಾಡಿರಲಿಲ್ಲ, ಇನ್ನೇನು ಕೇಳುವುದು?

ರವಿವಾರ ಸಂಜೆ ಐದೂವರೆಗೆ ಅಕ್ಕೋರ ಫೋನು ಬೆಳಗಿತು. ತಂಗಿಯೇ ಮಾಡಿದ್ದರು. ನಾನು ಎತ್ತಿದೆ. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

"ಆಕಿ ಕಿವಿಗಿ ಹಿಡಿಯವಾ."

"ಅಕ್ಕೋರಿಗಿ ಕೇಳಸಂಗಿಲ್ರಿ. ಮಷೀನ್ ಇನ್ನಾ ಬಂದಿಲ್ಲ. ನನಗ ಹೇಳ್ರಿ, ಬರದು ತೋರಸ್ತೇನಿ."

"ನಿನಗ ಹೇಳೂ ಮಾತಲ್ಲ ಇದು. ಕೇಳಸ್ದಿದ್ರೂ ನಡೀತೈತಿ. ಹಿಡಿ."

ಹಿಡಿದೆ. ಅಕ್ಕೋರು ಗೋಡೆ ನೋಡುತ್ತ ಕುಳಿತರು. ಹತ್ತು ನಿಮಿಷವಾದರೂ ಆಗಿರಬೇಕು. ನಡುನಡುವೆ ಅವರು ಹೂಂ, ಹೂಂ ಅನ್ನುತ್ತಿದ್ದರು. ಅವರಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ನನಗೂ ಕೇಳಲಿಲ್ಲ. ಕಡೆಗೆ ಫೋನಿನ ಬೆಳಕು ಆರಿತು.

"ಏನಂದ್ಲು?" ಎಂದು ಕೇಳಿದರು.

ಆ ಮುಖ ನೋಡಿ ಗೊತ್ತಿಲ್ಲ ಅನ್ನಲು ನನ್ನಿಂದ ಆಗಲಿಲ್ಲ. 'ಆರಾಮ ಅದೇನಿ, ಚಿಂತಿ ಮಾಡಬ್ಯಾಡ ಅಂದ್ರು' ಎಂದು ಬರೆದೆ. ಓದಿ ನೋಟ್‌ಬುಕ್ ಮುಚ್ಚಿಟ್ಟರು.

ಸೋಮವಾರ ನಸುಕಿನಲ್ಲಿ ತಂಗಿ ಹೋದರು. ಬಸ್ಸು ಹಿಡಿದು ಬಾಗೇವಾಡಿಗೆ ಹೋದೆವು. ಅಲ್ಲಿ ಅಕ್ಕೋರು ಅಳಲಿಲ್ಲ. ತಂಗಿಯ ಕೆನ್ನೆ ಸವರುತ್ತ ಕುಳಿತಿದ್ದರು. ಸುತ್ತಲಿನ ಅಳುವೊಂದೂ ಅವರಿಗೆ ಕೇಳುತ್ತಿರಲಿಲ್ಲ. ಮಣ್ಣು ಮುಗಿಸಿ ಮಂಗಳವಾರ ಮುಂಜಾನೆ ಇಂಡಿಗೆ ಬಂದು ಇಳಿದ ಕೂಡಲೇ, ಬಸ್‌ಸ್ಟ್ಯಾಂಡಿನಲ್ಲೇ ನಿಂತು ನಾನು ಕಂಪನಿಗೆ ಫೋನು ಮಾಡಿದೆ. ಈ ಸಲ ಗುಡ್ ಮಾರ್ನಿಂಗ್ ಅನ್ನಲಿಲ್ಲ. ಅರ್ಧ ಹಿಂದಿ, ಅರ್ಧ ಕನ್ನಡ, ಬಾಯಿಗೆ ಬಂದ ಹಾಗೆ ಕೇಳಿದೆ. ಆಚೆಯ ಹುಡುಗಿ ಕಂಪ್ಯೂಟರ್ ನೋಡಿ ಓದಿದಳು. ಗುರುವಾರ, ಶುಕ್ರವಾರ, ಶನಿವಾರ, ಮೂರು ಸಲ ನಿಮ್ಮ ಮನೆಗೆ ಬಂದಿದ್ದೆವು. ಮೂರು ಸಲವೂ ಡೋರ್ ಲಾಕ್ ಆಗಿತ್ತು. ಇವತ್ತು ಪಾರ್ಸೆಲ್ ವಾಪಸು ಹೋಗುತ್ತದೆ.

ಡೋರ್ ಲಾಕ್!

ಅಕ್ಕೋರ ಮನೆಯ ಬಾಗಿಲು ನಿಜವಾಗಿ ಹಾಕಿದ್ದು ಸೋಮವಾರ ಒಂದೇ ದಿನ. ಆ ದಿನದ ಲೆಕ್ಕ ಅವರಲ್ಲಿ ಇರಲೇ ಇಲ್ಲ.

ಅಕ್ಕೋರ ರಟ್ಟೆ ಹಿಡಿದು ಸೀದಾ ಆಫೀಸಿಗೆ ಕರೆದುಕೊಂಡು ಹೋದೆ. ಅವನೇ ಇದ್ದ, ಅದೇ ಮೊಬೈಲು.

"ಮೂರ್ ಸಲ ಬಂದಿದ್ವಿರಿ, ಬಾಗಲಾ ಹಾಕಿತ್ತು" ಅಂದ.

ನಾನು ಅದನ್ನು ಬರೆದು ಅಕ್ಕೋರ ಮುಂದೆ ಹಿಡಿದೆ. ಅವರು ಓದಿದರು. ಕನ್ನಡಕ ಸರಿ ಮಾಡಿಕೊಂಡು ಅವನನ್ನು ನೋಡಿದರು. ಕಿವಿ ಕೇಳದವರ ದನಿ ಜೋರು. ಇಡೀ ಆಫೀಸಿಗೆ ಕೇಳುವಂತೆ ಕೇಳಿದರು.

"ನಮ್ಮ ಬಾಗಲದ ಬಣ್ಣ ಯಾವ್ದಪಾ?"

ಅವನು ಮೊದಲ ಸಲ ಮೊಬೈಲಿನಿಂದ ಮುಖ ಎತ್ತಿದ.

"ಮೂರ್ ಸಲ ಬಂದೀಯಲ್ಲ. ಹೇಳು."

"ಹಸರು" ಅಂದ, ಗುಂಡು ಹೊಡೆದ ಹಾಗೆ.

ಆ ಬಾಗಿಲಿಗೆ ದೀಪಾವಳಿಯ ಮುಂದೆ ನೀಲಿ ಬಣ್ಣ ಹಚ್ಚಿದವಳು ನಾನೇ. ನಾನು ಅವನ ಉತ್ತರ ಬರೆದು ತೋರಿಸುವ ಮೊದಲೇ ಅಕ್ಕೋರಿಗೆ ಅವನ ಮುಖದಲ್ಲೇ ಉತ್ತರ ಸಿಕ್ಕಿತ್ತು. ಪಾರ್ಸೆಲ್ ತರಲು ಬಂದಿದ್ದ ಇಬ್ಬರು ಮೂವರು ಕಿಸಕ್ಕೆಂದು ನಕ್ಕರು. ಅವನು ಎದ್ದು ರಾಶಿಯೊಳಗೆ ಕೈ ಹಾಕಿ ಒಂದು ಸಣ್ಣ ಡಬ್ಬಿ ತೆಗೆದು ಟೇಬಲ್ಲಿನ ಮೇಲಿಟ್ಟ. ಇಂಡಿಗೆ ಬಂದ ದಿನದ ಚೀಟಿ ಅದರ ಮೇಲೇ ಇತ್ತು. ಗುರುವಾರ. ಅಂದರೆ ಶುಕ್ರವಾರ ನಾನು ಅಲ್ಲಿ ನಿಂತಾಗ ಅದು ಅವನ ಬೆನ್ನ ಹಿಂದೆಯೇ ಇತ್ತು.

"ಸಾರಿರಿ ಅಕ್ಕೋರ. ಮ್ಯಾಲಿನವ್ರು ದಿನಾ ಲೆಕ್ಕಾ ಕೇಳ್ತಾರ. ಮುಟ್ಟಸಾಕ ಆಗಲಿಲ್ಲಂದ್ರ ಬಾಗಲಾ ಹಾಕಿತ್ತು ಅಂತ ಮೊಬೈಲಿನ್ಯಾಗ ಒತ್ತಿಬಿಡ್ತೇವ್ರಿ. ಎಲ್ಲಾರೂ ಹಂಗ ಮಾಡ್ತಾರ."

ಇದನ್ನೂ ಬರೆದುಕೊಟ್ಟೆ. ಅಕ್ಕೋರು ಓದಿ, ಆ ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು, ಪೆನ್ನಿನ ಸಮೇತ ಅವನ ಮುಂದೆ ಸರಿಸಿದರು.

"ಸಾರಿ ನನಗ ಬ್ಯಾಡ. ಬಾಗಲಾ ತೆರದಿತ್ತು, ನಾ ಬಂದಿರಲಿಲ್ಲ. ಇಷ್ಟ ಬರಿ. ಕೆಳಗ ಸಹಿ ಮಾಡು."

"ಹಂಗೆಲ್ಲಾ ಬರಿಯಾಕ ಬರಂಗಿಲ್ರಿ. ನೌಕರಿ ಹೋಗ್ತೈತಿ."

ಬರೆಯಲಿಲ್ಲ. ಅಕ್ಕೋರು ಪೆನ್ನು ಚಾಚಿಕೊಂಡು ನಿಂತೇ ಇದ್ದರು. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತ ಹಾಗೆ, ಇವತ್ತಲ್ಲ ನಾಳೆ ಬರೆದಾನು ಅನ್ನುವ ಹಾಗೆ. ಅದನ್ನು ನೋಡಲಾಗದೆ ನಾನು ಬಾಯಿ ಬಿಟ್ಟೆ. ನಮ್ಮ ಓಣಿಯ ನಲ್ಲಿಯ ಮುಂದೆ ಕಲಿತ ಬೈಗುಳವನ್ನೆಲ್ಲ ಅವನ ಮೇಲೆ ಸುರಿದೆ. ಅವನಿಗೆ, ಅವನ ಮೇಲಿನವರಿಗೆ, ಅವರ ಮೇಲಿನವರಿಗೆ. ಒಂದು ಜೀವ ಅಕ್ಕನ ದಾರಿ ಕಾಯುತ್ತ ಹೋಯಿತಲ್ಲೋ, ನೀ ಒತ್ತಿದ ಒಂದು ಗುಂಡಿಗೆ, ಎಂದು ಕೂಗಿದೆ. ಅಕ್ಕೋರೇ ಡಬ್ಬಿ ಎತ್ತಿಕೊಂಡು, ನನ್ನ ಸೆರಗು ಹಿಡಿದು ಹೊರಗೆ ಎಳೆದು ತಂದರು.

ರಸ್ತೆಯ ಬದಿಯ ಬೇವಿನ ಕೆಳಗೆ ನಿಂತು, "ಏನೇನ್ ಬೈದಿ? ಬರಿ" ಅಂದರು.

ಬರೆದೆ. ಇಡೀ ಹಾಳೆ ತುಂಬಿತು. ಒಂದೊಂದೇ ಓದಿದರು. "ಇಲ್ಲಿ ಒತ್ತಕ್ಷರ ಬಿಟ್ಟಿ ನೋಡು" ಎಂದು ತಾವೇ ತಿದ್ದಿದರು. ತಿದ್ದುತ್ತಲೇ ಅಳು ಒಡೆಯಿತು. ಬಾಗೇವಾಡಿಯಲ್ಲಿ ಬಾರದ ಅಳುವನ್ನು ಅಲ್ಲಿ, ಟೆಂಪೋಗಳ ನಡುವೆ, ಯಾರೋ ಇಳಿಸಿಟ್ಟ ನಿಂಬೆಹಣ್ಣಿನ ಚೀಲದ ಮೇಲೆ ಕುಳಿತು ಅತ್ತರು. ತಮ್ಮ ಅಳುವಿನ ಸದ್ದು ತಮಗೇ ಕೇಳದವರು ಅಳುವುದನ್ನು ಯಾರೂ ನೋಡಬಾರದು.

ಮನೆಗೆ ಬಂದು ಮಷೀನು ಹಾಕಿಕೊಂಡರು. ನನ್ನನ್ನು ಎದುರಿಗೆ ಕೂರಿಸಿಕೊಂಡು, "ಈಗ ಬಾಯಿಲೇ ಹೇಳು. ರವಿವಾರ ಆಕಿ ಏನಂದ್ಲು?" ಎಂದು ಕೇಳಿದರು.

ಒಂದು ತಾಸಿನ ಹಿಂದೆ ಇನ್ನೊಬ್ಬನಿಗೆ ಸುಳ್ಳ ಎಂದು ಬೈದು ಬಂದವಳು ನಾನು. ಆ ಬಾಯಿಂದಲೇ, "ಆರಾಮ ಅದೇನಿ, ಚಿಂತಿ ಮಾಡಬ್ಯಾಡ ಅಂದ್ರರಿ ಅಕ್ಕೋರ" ಅಂದೆ.

ಅವರು ನನ್ನನ್ನೇ ನೋಡಿದರು. "ಆಕಿ ಹುಟ್ಟಿದಾಗಿಂದ ನನಗ ಹಂಗ ಅಂದವಳಲ್ಲ" ಎಂದು ಎದ್ದು ಒಲೆಯ ಕಡೆ ಹೋದರು. ಮತ್ತೆಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಐದೂವರೆಗೆ ಮಾತ್ರ ದಿನಾ ಮಷೀನು ತೆಗೆದು ಡಬ್ಬಿಯಲ್ಲಿಡುತ್ತಿದ್ದರು. ಆ ಹೊತ್ತಿಗೆ ಯಾರು ಕರೆದರೂ ತಿರುಗುತ್ತಿರಲಿಲ್ಲ.

ಅಕ್ಕೋರು ಹೋಗಿ ಎರಡು ವರ್ಷದ ಮೇಲಾಯಿತು. ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಆ ಕೊರಿಯರಿನವನು ಇನ್ನೂ ಇದ್ದಾನೆ. ಸಂತೆಯಲ್ಲಿ ಸಿಕ್ಕರೆ "ಆರಾಮೇನ್ರಿ ಅಕ್ಕಾ" ಅನ್ನುತ್ತಾನೆ. ಒಳ್ಳೆಯವನೇ ಎಂದು ಜನ ಅನ್ನುತ್ತಾರೆ, ಇದ್ದಾನು. ನಾನು ಉತ್ತರ ಕೊಡುವುದಿಲ್ಲ. ಮುಂದೆಯೂ ಕೊಡುವುದಿಲ್ಲ. ಅವನಿಂದ ಬರೆಸಿಕೊಳ್ಳಲಾಗಲಿಲ್ಲ ಎಂಬ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಸಿಟ್ಟಿದೆ, ಅದು ನನ್ನ ಮೇಲಿನದು. ಅವರು ಕೇಳಿದ್ದು ಒಂದು ನಿಜವಾದ ಸಾಲು. ಅದನ್ನು ಅವನೂ ಕೊಡಲಿಲ್ಲ, ನಾನೂ ಕೊಡಲಿಲ್ಲ.

ಈಗ ಹೇಳುತ್ತೇನೆ, ಕೇಳುವವರಿಲ್ಲ. ನನಗೇನೂ ಗೊತ್ತಿಲ್ಲರಿ ಅಕ್ಕೋರ. ನಿಮ್ಮ ತಂಗಿ ನನಗೆ ಒಂದು ಮಾತೂ ಹೇಳಲಿಲ್ಲ. ಹತ್ತು ನಿಮಿಷ ಮಾತಾಡಿದರು, ಅಷ್ಟನ್ನೂ ನಿಮಗೇ ಹೇಳಿದರು.