ದೇವರ ಮನೆಯ ವೈಫೈ

ನಮ್ಮ ಮನೆಗೆ ವೈಫೈ ಬಂದಾಗ ಅದರ ಡಬ್ಬಿಯನ್ನು ದೇವರ ಮನೆಯಲ್ಲಿ ಕೂರಿಸಿದರು. ಭಕ್ತಿಯಿಂದಲ್ಲ. ಬೀದಿ ಕಂಬದಿಂದ ಎಳೆದ ತಂತಿಗೆ ಅಲ್ಲಿನ ಕಿಟಕಿಯೇ ಹತ್ತಿರ. ಹಾಲ್‌ಗೆ ತರಬೇಕೆಂದರೆ ಗೋಡೆ ಕೊರೆಯಬೇಕಿತ್ತು. "ಹೊಸ ಪೇಂಟು ಕಣಮ್ಮ, ಈಗ್ತಾನೆ ಹೊಡ್ಸಿರೋದು. ಗೋಡೆ ಮುಟ್ಟೋದ್ ಬೇಡ" ಎಂದರು ಮಾವ. ಅಜ್ಜಂಪುರದ ಆ ಮನೆಯಲ್ಲಿ ಮಾವ ಬೇಡವೆಂದರೆ ಬೇಡ, ಅಷ್ಟೇ.

ಅಂದಿನಿಂದ ದಿನಾ ರಗಳೆ. ಇದ್ದಕ್ಕಿದ್ದಂತೆ ನೆಟ್ ಹೋಗುತ್ತಿತ್ತು. ಕಂಪನಿಗೆ ಫೋನ್ ಮಾಡಿದರೆ ಆಫ್ ಮಾಡಿ ಆನ್ ಮಾಡಿ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಕೊನೆಗೆ ತರೀಕೆರೆಯಿಂದ ರಿಪೇರಿಯವನು ಬಂದ. ಪಟಗಳ ಹಿಂದಿನ ಸ್ವಿಚ್ ಬೋರ್ಡ್ ಸಡಿಲವಾಗಿತ್ತು. ಅತ್ತೆ ಪೂಜೆಗೆಂದು ಅದೇ ಬೋರ್ಡಿನಲ್ಲಿ ಬಣ್ಣದ ದೀಪದ ಸ್ವಿಚ್ ಒತ್ತಿದಾಗ ಡಬ್ಬಿಯ ಪ್ಲಗ್ ಅಲುಗಿ ನೆಟ್ ಸಾಯುತ್ತಿತ್ತು. ಪ್ಲಗ್ಗನ್ನು ಬೆರಳಿನಿಂದ ಅದುಮಿದರೆ ಮತ್ತೆ ಜೀವ.

"ಬೋರ್ಡ್ ಬದ್ಲಾಯ್ಸಿ, ಇಲ್ಲಾ ಡಬ್ಬೀನ ಹಾಲ್‌ನಲ್ಲಿ ಹಾಕ್ಸಿ" ಎಂದ ಅವನು. ಎರಡಕ್ಕೂ ಗೋಡೆ ಮುಟ್ಟಬೇಕು. ಮಾವ ಪೇಂಟಿನ ಕಡೆ ನೋಡಿದರು. ದಿನವೂ ಪ್ಲಗ್ ಅದುಮುವ ಸೇವೆ ನನ್ನ ಪಾಲಿಗೆ ಬಂತು.

ಮದುವೆಗೆ ಮುಂಚೆ ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಈಗ ಮನೆಯಿಂದಲೇ ಮಕ್ಕಳಿಗೆ ಪಾಠ ಮಾಡುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ವೀಡಿಯೊ ಕಾಲ್‌ನಲ್ಲಿ ಸಂದರ್ಶನ. ನನ್ನ ಗ್ರಹಚಾರ, ಆ ಬೆಳಗ್ಗೆಯೇ ಹೊರಗಾದೆ. ಮುಟ್ಟಾದವಳು ದೇವರ ಮನೆಯ ಹೊಸ್ತಿಲು ತುಳಿಯುವಂತಿಲ್ಲ. "ಅತ್ತೆ, ಇವತ್ತೊಂದಿನ ಬಣ್ಣದ ದೀಪ ಹಾಕ್ಬೇಡಿ" ಎಂದು ಮೊದಲೇ ಬೇಡಿಕೊಂಡಿದ್ದೆ. ಹ್ಞೂಂ ಎಂದಿದ್ದರು.

ಭಿನ್ನರಾಶಿಯನ್ನು ಚಿಕ್ಕ ಮಗುವಿಗೆ ಹೇಗೆ ಹೇಳಿಕೊಡುತ್ತೀರಿ ಎಂದು ಸಂದರ್ಶನದ ಮೇಡಂ ಕೇಳಿದರು. ಅದಕ್ಕೆಂದೇ ಪಕ್ಕದಲ್ಲಿಟ್ಟುಕೊಂಡಿದ್ದ ರೊಟ್ಟಿಯನ್ನು ಮುರಿಯಲು ಎತ್ತಿದೆ. ಮೇಡಂ ಮುಖ ಹಾಗೇ ನಿಂತುಬಿಟ್ಟಿತು. ಒಳಗೆ ಪೂಜೆಯ ಗಂಟೆ ಕೇಳುತ್ತಿತ್ತು.

ಓಡಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಟಗಳ ಸುತ್ತ ಕೆಂಪು, ಹಸಿರು ದೀಪಗಳು ಕುಣಿಯುತ್ತಿದ್ದವು.

"ಅತ್ತೆ, ಆ ಪ್ಲಗ್ ಒಂಚೂರು ಅದುಮಿ!"

"ನಾನು ಮಡೀಲಿದೀನಿ ಕಣೇ. ಅದನ್ನೆಲ್ಲ ಮುಟ್ಟಕ್ಕಾಗಲ್ಲ."

"ಹಂಗಾದ್ರೆ ನಾನೇ ಒಳಗೆ ಬತ್ತೀನಿ."

ಅವರು ಆರತಿ ತಟ್ಟೆ ಹಿಡಿದೇ ಬಾಗಿಲಿಗೆ ಅಡ್ಡ ನಿಂತರು. ಬಣ್ಣದ ದೀಪದ ಸ್ವಿಚ್ ಒತ್ತುವಾಗ ಆ ಬೆರಳಿಗೆ ಮಡಿ ಅಡ್ಡ ಬಂದಿರಲಿಲ್ಲ.

ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ತಾರಸಿ ಹತ್ತಿ ಕರೆ ಮಾಡುವಷ್ಟರಲ್ಲಿ ಮೇಡಂ ಹೋಗಿದ್ದರು. ಮನೆಯಲ್ಲಿ ಸರಿಯಾದ ನೆಟ್ ಇರುವವರನ್ನೇ ತೆಗೆದುಕೊಳ್ಳುತ್ತೇವೆ ಎಂದು ಆಮೇಲೆ ಮೇಲ್ ಬಂತು. ಆ ಕೆಲಸ ನನಗೆ ಬೇಕಿತ್ತು. ತುಂಬಾ ಬೇಕಿತ್ತು. "ಹೋಗ್ಲಿ ಬಿಡಮ್ಮ, ಇಲ್ಲಿ ನಿಂಗೇನ್ ಕಮ್ಮಿ ಆಗಿದೆ" ಎಂದರು ಮಾವ.

ಕೆಲವು ದಿನಗಳ ನಂತರ, ದೀಪ ಹಚ್ಚುವ ಹೊತ್ತಿಗೆ, ಮಾವ ಹಾಲ್‌ನಲ್ಲಿ ಕೂತು ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕೊನೆಯ ಓವರ್. ಒಳಗೆ ಅತ್ತೆ ಸ್ವಿಚ್ ಒತ್ತಿದರು.

"ಥೂ, ಇದ್ರ ಮನೆ ಹಾಳಾಗ!" ಎಂದು ಮಾವ ಕೂಗಿದ್ದು ಬೀದಿಗೆಲ್ಲ ಕೇಳಿತು.

ಬೆಳಗ್ಗೆ ತರೀಕೆರೆಯವನು ಡ್ರಿಲ್ ಹಿಡಿದು ಬಂದ. ಮಾವನೇ ನಿಂತು ಜಾಗ ತೋರಿಸಿ ಗೋಡೆ ಕೊರೆಸಿದರು. ಡಬ್ಬಿ ಹಾಲ್‌ಗೆ ಬಂತು. ಆಮೇಲೆ ನೆಟ್ ಒಮ್ಮೆಯೂ ನಿಂತಿಲ್ಲ.

ಹೊಸ ಪೇಂಟಿನ ಪುಡಿ ನೆಲದ ತುಂಬಾ ಬಿದ್ದಿತ್ತು. "ಗುಡಿಸ್ಬಿಡಮ್ಮ" ಎಂದರು ಮಾವ.

ಗುಡಿಸಿದೆ.